ಕಾರುಗಳ ಒಳಗಿನ ನೆಂಟಸ್ತನ

(ಮಂಡ್ಯದಲ್ಲಿ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಕಾರು ಮಾಲೀಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ರಟ್ಟಿನ ಡಬ್ಬಿ ಇಟ್ಟಿದ್ದೇನೆ. ಎರಡರಲ್ಲೂ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಇವೆ. ಡಬ್ಬಿ ಮೇಲಿನ ಕಂಪನಿ ಹೆಸರು ಬೇರೆ, ಬಣ್ಣ ಬೇರೆ, ಬೆಲೆಯೂ ಬೇರೆ. ಒಂದೊಂದು ಪ್ಯಾಡ್ ಹೊರಗೆ ತೆಗೆದು ಮುಂದಿನ ಸಾಲಿಗೆ ಕೊಡುತ್ತೇನೆ. ನಿಧಾನವಾಗಿ ನೋಡಿ, ಆಮೇಲೆ ಹಿಂದಿನವರಿಗೆ ದಾಟಿಸಿ. ಬೆನ್ನಿಗಿರುವ ಉಕ್ಕಿನ ತಗಡನ್ನು ಬೆರಳಿನಿಂದ ಸವರಿ. ಎರಡು ಬದಿಯ ಕಿವಿ, ನಡುವಿನ ಗೀರು, ಅಂಚಿನಲ್ಲಿ ಒತ್ತಿರುವ ಅಕ್ಷರ, ಸಂಖ್ಯೆ, ಎಲ್ಲ ಒಂದೇ. ಮಾಡಿದವರೂ ಒಬ್ಬರೇ. ಒಳಗಿನ ವಸ್ತು ಒಂದೇ ಆಗಿ ಡಬ್ಬಿ ಮಾತ್ರ ಯಾಕೆ ಎರಡಾಯಿತು ಅನ್ನುವುದೇ ಇವತ್ತಿನ ಮಾತು.

ನಾನು ಇದೇ ಊರಿನಲ್ಲಿ 28 ವರ್ಷದಿಂದ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸುತ್ತಿದ್ದೇನೆ. ಶುರುವಿನಲ್ಲಿ ಕಂಪನಿ ಹೆಸರು ನೋಡಿಯೇ ಸಾಮಾನು ಜೋಡಿಸುತ್ತಿದ್ದೆ. ಈ ಕಪಾಟು ಈ ಕಂಪನಿಗೆ, ಆ ಕಪಾಟು ಆ ಕಂಪನಿಗೆ. ಆ ಪದ್ಧತಿ ಬಿಟ್ಟದ್ದು ಒಬ್ಬ ಟ್ಯಾಕ್ಸಿ ಮಾಲೀಕರ ಕಾರಣಕ್ಕೆ. ಅವರು ಪಾಂಡವಪುರದ ಕಡೆಯವರು. ಇದ್ದದ್ದು ಒಂದೇ ಕಾರು. ಅದರ ಮೇಲೆ ಸಾಲ, ಅದರಿಂದಲೇ ಸಂಸಾರ. ಮುಂದಿನ ಚಕ್ರದ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಹದ ತೋಳು, ಬಾಗಿತ್ತು. ಶೋರೂಮಿನಲ್ಲಿ ಕೇಳಿದರೆ ಸ್ಟಾಕ್ ಇಲ್ಲ, ಆರ್ಡರ್ ಹಾಕಿದ್ದೇವೆ, ಕಾಯಿರಿ ಅಂದರಂತೆ. ನನ್ನ ಹತ್ತಿರ ಬಂದರು. ನಾನು ಆ ಕಂಪನಿಯ ಕಪಾಟು ನೋಡಿ ಇಲ್ಲ ಅಂದೆ. ಗಾಡಿ 11 ದಿನ ನಿಂತಿತು. ಅದು ಮದುವೆ ಸೀಸನ್, ಬಾಡಿಗೆ ಜೋರಾಗಿರುವ ಕಾಲ.

ತಿಂಗಳಾದ ಮೇಲೆ ಒಬ್ಬ ಮೆಕ್ಯಾನಿಕ್ ಎರಡು ಹಳೇ ಲೋವರ್ ಆರ್ಮ್ ತಂದು ನನ್ನ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಆ ಟ್ಯಾಕ್ಸಿಯ ಮಾದರಿಯದು. ಇನ್ನೊಂದು ಬೇರೆ ಕಂಪನಿ ಹೆಸರಿನಲ್ಲಿ ಓಡುವ ಅದರ ಅವಳಿ ಕಾರಿನದು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಆ ಎರಡನೆಯ ಕಾರಿನ ಹೊಸ ಆರ್ಮ್ ಆ 11 ದಿನವೂ ನನ್ನ ಅಂಗಡಿಯಲ್ಲೇ, ಪಕ್ಕದ ಕಪಾಟಿನಲ್ಲೇ ಇತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಯಾವ ಕಾರು ಯಾವುದಕ್ಕೆ ನೆಂಟ ಅಂತ ತಿಳಿಯದೇ ಇದ್ದರೆ ಪೆಟ್ಟು ಬೀಳುವುದು ಮಾಲೀಕನ ಹೊಟ್ಟೆಗೆ. ಹಾಗಾಗಿ ಈ ವಿಷಯ ಸುಮ್ನೆ ಕುತೂಹಲಕ್ಕೆ ಅಂತ ನಾನು ಎಂದೂ ಅಂದುಕೊಂಡಿಲ್ಲ.

ಪ್ಲಾಟ್‌ಫಾರ್ಮ್ ಎನ್ನುವ ಮಾತು ಈಗ ಎಲ್ಲ ಜಾಹೀರಾತಿನಲ್ಲೂ ಬರುತ್ತದೆ. ಲಾರಿ ಇಟ್ಟವರಿಗೆ ಇದು ಹೊಸದಲ್ಲ. ಲಾರಿ ಎಷ್ಟೋ ಸಲ ಬರೀ ಚಾಸಿಯಾಗಿ ಬರುತ್ತದೆ. ಎರಡು ಉದ್ದದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ, ಎಂಜಿನ್, ಗೇರ್ ಬಾಕ್ಸ್, ಆಕ್ಸಲ್. ಬಾಡಿ ಕಟ್ಟುವವರ ಹತ್ತಿರ ಹೋದ ಮೇಲೆ ಅದು ಕಬ್ಬು ಹೊರುವ ಲಾರಿ ಆಗಬಹುದು, ಟಿಪ್ಪರ್ ಆಗಬಹುದು, ನೀರಿನ ಟ್ಯಾಂಕರ್ ಆಗಬಹುದು. ಮೇಲೆ ಏನೇ ಕಟ್ಟಿದರೂ ಕೆಳಗಿನ ಸಾಮಾನು ಒಂದೇ ಅಂತ ಡ್ರೈವರ್‌ಗೆ ಗೊತ್ತು. ಕ್ಲಚ್ ಪ್ಲೇಟ್ ಕೇಳುವಾಗ ಅವನು ಬಾಡಿ ಹೆಸರು ಹೇಳುವುದಿಲ್ಲ, ಚಾಸಿ ಹೆಸರು ಹೇಳುತ್ತಾನೆ.

ಕಾರಿನ ವಿಷಯದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಯಾಕೆಂದರೆ ಈಗಿನ ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿ ಇಲ್ಲ. ತಳ, ಬದಿ, ಚಾವಣಿ ಎಲ್ಲ ಬೆಸುಗೆ ಹಾಕಿ ಸೇರಿಸಿದ ಒಂದೇ ಗೂಡು. ಅದಕ್ಕೆ ಮಾನೊಕಾಕ್ ಅನ್ನುತ್ತಾರೆ. ಇಲ್ಲಿ ಪ್ಲಾಟ್‌ಫಾರ್ಮ್ ಅಂದರೆ ಆ ಗೂಡಿನ ಕೆಳಭಾಗ. ನೆಲದ ತಗಡು, ಎಂಜಿನ್‌ಗೂ ನಮ್ಮ ಕಾಲಿಗೂ ನಡುವಿನ ಗೋಡೆ, ಎಂಜಿನ್ ಕೂರುವ ಮೌಂಟಿಂಗ್, ಸಸ್ಪೆನ್ಷನ್ ಬಂದು ಸೇರುವ ಜಾಗ, ಸ್ಟೀರಿಂಗ್, ಪೆಡಲ್. ಇವೆಲ್ಲ ಒಂದಕ್ಕೊಂದು ಎಷ್ಟು ದೂರದಲ್ಲಿರಬೇಕು ಎನ್ನುವ ಲೆಕ್ಕವೂ ಅದರಲ್ಲೇ ಸೇರಿದೆ.

ಫೋಕ್ಸ್‌ವ್ಯಾಗನ್ ಗುಂಪು 2012ರಲ್ಲಿ ತಂದ ಎಂಕ್ಯೂಬಿ ಎನ್ನುವ ವ್ಯವಸ್ಥೆ ನೋಡಿ. ಅದರಲ್ಲಿ ಗಟ್ಟಿ ಹಿಡಿದಿರುವ ಅಳತೆ ಮುಂದಿನ ಚಕ್ರದ ಅಚ್ಚಿನಿಂದ ಪೆಡಲ್‌ವರೆಗಿನ ದೂರ. ಅದರಿಂದ ಹಿಂದೆ ಕಾರನ್ನು ಉದ್ದ ಮಾಡಬಹುದು, ಗಿಡ್ಡ ಮಾಡಬಹುದು, ಅಗಲವನ್ನೂ ಬದಲಿಸಬಹುದು. ಆ ಮುಂದಿನ ತುಂಡೇ ಯಾಕೆ? ಎಂಜಿನ್, ಗೇರ್ ಬಾಕ್ಸ್, ಸ್ಟೀರಿಂಗ್, ಬ್ರೇಕ್, ಏಸಿ, ವೈರಿಂಗ್, ಎಲ್ಲ ತುರುಕಿರುವುದು ಅಲ್ಲೇ. ಎಂಜಿನಿಯರ್‌ಗಳ ತಲೆನೋವು ಜಾಸ್ತಿ ಇರುವುದೂ ಅಲ್ಲೇ. ಒಮ್ಮೆ ಬಿಡಿಸಿದ ಲೆಕ್ಕವನ್ನು ಮತ್ತೆ ಬಿಡಿಸಬಾರದು ಅಂತ ಅದನ್ನು ಹಾಗೇ ಉಳಿಸಿಕೊಂಡರು. ನಮ್ಮ ದೇಶದಲ್ಲಿ ಓಡುವ ಕುಶಾಕ್, ಟೈಗುನ್, ಸ್ಲಾವಿಯಾ, ವರ್ಟಸ್, ಈಚೆಗೆ ಬಂದ ಕೈಲಾಕ್, ಎಲ್ಲವೂ ಇದರ ಭಾರತೀಯ ರೂಪದ ಮೇಲೆ ನಿಂತವು. ಎರಡು ಎಸ್‌ಯುವಿ, ಎರಡು ಸೆಡಾನ್, ಒಂದು ಚಿಕ್ಕ ಎಸ್‌ಯುವಿ. 999 ಸಿಸಿಯ ಮೂರು ಸಿಲಿಂಡರ್ ಟರ್ಬೊ ಎಂಜಿನ್, ಅಂದರೆ ಹೊಗೆಯ ಒತ್ತಡದಿಂದ ಹೆಚ್ಚು ಗಾಳಿ ತುಂಬಿಕೊಳ್ಳುವ ಎಂಜಿನ್, ಐದಕ್ಕೂ ಇದೆ.

ಹಾಗಾದರೆ ಇದು ಹೊಸ ಕಾಲದ ಉಪಾಯವೇ? ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1930ರ ದಶಕದಲ್ಲೇ ಒಂದೇ ಬಾಡಿಯನ್ನು ಷೆವರ್ಲೆ, ಪಾಂಟಿಯಾಕ್, ಬ್ಯೂಕ್ ಅಂತ ಹಲವು ಹೆಸರಿಗೆ ಹಂಚುತ್ತಿತ್ತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಅಂಬಾಸಿಡರ್ ತಗೊಳ್ಳಿ. ಅದರ ಮೈ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನದು. ನಮ್ಮ ಕಡೆ ಮಂತ್ರಿಗಳನ್ನು ಹೊತ್ತು ತಿರುಗಿದ 1489 ಸಿಸಿ ಎಂಜಿನ್, ಬಿಎಂಸಿ ಎಂಬ ಬ್ರಿಟಿಷ್ ಕಂಪನಿಯ ಬಿ-ಸರಣಿಯದು. ಅದೇ ಸರಣಿಯ, ಅದೇ 1489 ಸಿಸಿ ಎಂಜಿನ್ 1955ರಲ್ಲಿ ಎಂಜಿಎ ಎನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿತ್ತು. ಒಂದು ಕಡೆ ಬಿಳಿ ಅಂಬಾಸಿಡರ್, ಇನ್ನೊಂದು ಕಡೆ ಮೇಲ್ಛಾವಣಿ ಬಿಚ್ಚಿ ಓಡಿಸುವ ಪುಟ್ಟ ಕಾರು. ಮುಂದೆ ಅಂಬಾಸಿಡರ್‌ಗೆ ಇಸುಜು 1.8 ಲೀಟರ್ ಎಂಜಿನ್ ಬಂದಾಗ ಅದನ್ನು ಅದೇ ಕಂಪನಿಯ ಕಾಂಟೆಸ್ಸಾ ಕಾರಿನ ಜೊತೆ ಹಂಚಿಕೊಂಡಿತು. ಹಳೆಯ ಮೆಕ್ಯಾನಿಕ್‌ಗಳಿಗೆ ಇದು ಬಾಯಿಪಾಠ.

ಆಮೇಲೆ ಮಾರುತಿ. 800 ಕಾರು ಬಂದದ್ದು 1983ರ ಡಿಸೆಂಬರ್‌ನಲ್ಲಿ. ಮರುವರ್ಷ ಓಮ್ನಿ ಬಂತು. ನೋಡಲು ಒಂದು ಕಾರು, ಇನ್ನೊಂದು ಡಬ್ಬಿ. ಆದರೆ ಎರಡರ ಎಂಜಿನ್ ಒಂದೇ, ಮೂರು ಸಿಲಿಂಡರ್‌ನ 796 ಸಿಸಿ. ಒಂದರಲ್ಲಿ ಮುಂದೆ ಕೂತು ಮುಂದಿನ ಚಕ್ರ ತಿರುಗಿಸಿತು. ಇನ್ನೊಂದರಲ್ಲಿ ಸೀಟಿನ ಕೆಳಗೆ ಕೂತು ಹಿಂದಿನ ಚಕ್ರ ತಿರುಗಿಸಿತು. ಹಳ್ಳಿಯ ಆಂಬುಲೆನ್ಸ್, ಸ್ಕೂಲ್ ವ್ಯಾನ್, ತರಕಾರಿ ಗಾಡಿ, ಎಲ್ಲಕ್ಕೂ ಸಣ್ಣ ಊರಿನ ಗ್ಯಾರೇಜಿನಲ್ಲೇ ಸಾಮಾನು ಸಿಗುತ್ತಿತ್ತು. ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಇರುವ ಅಂಗಡಿಯವನು ಒಂದೇ ಎಂಜಿನ್‌ನ ಪಿಸ್ಟನ್, ರಿಂಗ್, ಬೇರಿಂಗ್ ಇಟ್ಟರೆ ಸಾಕು, ಎರಡು ಗಾಡಿಯ ಗಿರಾಕಿ ಬರುತ್ತಿದ್ದರು. ಹಂಚಿಕೆಯಿಂದ ಕಂಪನಿಗೆ ಉಳಿತಾಯ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸಣ್ಣ ಊರಿನ ಮಾಲೀಕನಿಗೆ ಆದ ಉಪಕಾರ ಅದಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ.

ಇಲ್ಲೇ ಒಂದು ಎಚ್ಚರಿಕೆ. 2000ದಲ್ಲಿ ಆಲ್ಟೊ ಬಂತು. ಅದೂ 796 ಸಿಸಿಯೇ. ಆದರೆ ಕಾರ್ಬೊರೇಟರ್ ಕಾಲದ 800ರ ಎಂಜಿನ್‌ನಲ್ಲಿ 6 ವಾಲ್ವ್, ಆಲ್ಟೊದಲ್ಲಿ 12. ಹೆಡ್ ಬೇರೆ ಆಯಿತು, ಗ್ಯಾಸ್ಕೆಟ್ ಬೇರೆ ಆಯಿತು. ಸಿಸಿ ಒಂದೇ ಅಂತ ಕಣ್ಣು ಮುಚ್ಚಿಕೊಂಡು ಕೊಂಡೊಯ್ದವರು ವಾಪಸ್ ಬಂದದ್ದು ನೋಡಿದ್ದೇನೆ. ಒಂದೇ ಥರ ಕಾಣುವುದು ಬೇರೆ, ಒಂದೇ ಆಗಿರುವುದು ಬೇರೆ. ಹುಡುಗರೇ, ಹೆಣ್ಣುಮಕ್ಕಳೇ, ಗ್ಯಾರೇಜಿಗೆ ಕೆಲಸಕ್ಕೆ ಹೋದ ಮೊದಲ ದಿನವೇ ಇದು ನಿಮಗೆ ಬೇಕಾಗುತ್ತದೆ.

ಫಿಯಟ್‌ನ 1.3 ಲೀಟರ್ ಡೀಸೆಲ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ನಿಖರವಾಗಿ 1248 ಸಿಸಿ, ನಾಲ್ಕು ಸಿಲಿಂಡರ್. ಫಿಯಟ್ ಅದಕ್ಕೆ ಮಲ್ಟಿಜೆಟ್ ಅಂದಿತು, ಮಾರುತಿ ಡಿಡಿಐಎಸ್ ಅಂದಿತು, ಟಾಟಾ ಕ್ವಾಡ್ರಾಜೆಟ್ ಅಂದಿತು. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಝಾ, ಇಂಡಿಕಾ ವಿಸ್ತಾ, ಮಾಂಜಾ, ಝೆಸ್ಟ್, ಪುಂಟೊ, ಲೀನಿಯಾ, ಷೆವರ್ಲೆ ಸೇಲ್. ಇಷ್ಟರ ಒಳಗೂ ಅದೇ. ಒಂದು ಕಾಲದಲ್ಲಿ ಮಂಡ್ಯದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತು ಕಣ್ಣು ಮುಚ್ಚಿದರೆ, ಸ್ಟಾರ್ಟ್ ಆಗುವ ಸಣ್ಣ ಕಾರುಗಳಲ್ಲಿ ಅರ್ಧಕ್ಕರ್ಧ ಒಂದೇ ದನಿಯಲ್ಲಿ ಗುಡುಗುತ್ತಿದ್ದವು.

ಎಂಜಿನ್ ಒಂದೇ ಆದರೂ ಗಾಡಿ ಓಡುವ ರೀತಿ ಒಂದೇ ಇರಲಿಲ್ಲ. ಸ್ವಿಫ್ಟ್‌ನಲ್ಲಿ 75 ಕುದುರೆ ಶಕ್ತಿಯ ಹತ್ತಿರ, ಎರ್ಟಿಗಾದಲ್ಲಿ 90ರ ಹತ್ತಿರ. ಟರ್ಬೊ ಬೇರೆ. ಮೊದಲನೆಯದರ ಟರ್ಬೊದಲ್ಲಿ ಕೋನ ಬದಲಿಸುವ ರೆಕ್ಕೆಗಳಿಲ್ಲ. ಎರಡನೆಯದರಲ್ಲಿ ಅವು ಇವೆ, ಎಂಜಿನ್ ವೇಗಕ್ಕೆ ತಕ್ಕಂತೆ ಕೋನ ಬದಲಿಸುತ್ತವೆ. ಮೇಲೆ ಇಸಿಯು ಎನ್ನುವ ಎಂಜಿನ್ ಕಂಪ್ಯೂಟರ್ ಒಳಗಿನ ಸಾಫ್ಟ್‌ವೇರ್ ಬೇರೆ, ಗೇರ್ ಅನುಪಾತ ಬೇರೆ, ಗಾಡಿ ತೂಕ ಬೇರೆ. ಒಂದೇ ಅಕ್ಕಿಯಲ್ಲಿ ಒಬ್ಬರ ಮನೆಯಲ್ಲಿ ಅನ್ನ ಉದುರು, ಇನ್ನೊಬ್ಬರ ಮನೆಯಲ್ಲಿ ಮುದ್ದೆ. ಹೀಗಾಗಿ ಇದೂ ಅದೂ ಒಂದೇ ಎಂಜಿನ್, ಯಾವುದಾದರೂ ತಗೊಳ್ಳಿ ಅಂತ ಸಲಹೆ ಕೊಡುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಂಪನಿಗಳ ಕೈಚಳಕ ಇರುವುದೇ ಆ ಹದ ಮಾಡುವುದರಲ್ಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎನ್ನುವ ಹೊಗೆ ನಿಯಮ ಬಂತು. ಈ ಎಂಜಿನ್ ನಮ್ಮ ದೇಶದಲ್ಲಿ ಅಲ್ಲಿಗೇ ನಿಂತಿತು. ಅದರ ಗಾಡಿಗಳು ಇನ್ನೂ ಓಡುತ್ತಿವೆ, ಸಾಮಾನೂ ಸಿಗುತ್ತಿದೆ. ಅಷ್ಟು ಕಂಪನಿ ಹಂಚಿಕೊಂಡಿದ್ದಕ್ಕೇ ಸಿಗುತ್ತಿದೆ.

ಈಗ ನಮ್ಮ ದಾರಿಗೇ ಬರೋಣ. ಇಲ್ಲಿಂದ ಬೆಂಗಳೂರು ಕಡೆ ಹೊರಟರೆ ಬಿಡದಿ ಸಿಗುತ್ತದೆ. ಅಲ್ಲಿನ ಟೊಯೊಟಾ ಕಾರ್ಖಾನೆ ನಿಮಗೆಲ್ಲ ಗೊತ್ತು. ಈ ಜಿಲ್ಲೆಯ ಎಷ್ಟೋ ಮನೆಯ ಮಕ್ಕಳು ಆ ದಾರಿಯಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ಅಲ್ಲಿಂದ ಇನ್ನೋವಾ ಕ್ರಿಸ್ಟಾ ಬರುತ್ತದೆ, ಇನ್ನೋವಾ ಹೈಕ್ರಾಸ್ ಬರುತ್ತದೆ, ಮಾರುತಿ ಹೆಸರಿನ ಇನ್ವಿಕ್ಟೊ ಕೂಡ ಬರುತ್ತದೆ. ಇದರಲ್ಲಿ ಯಾವುದು ಯಾವುದಕ್ಕೆ ಹತ್ತಿರ? ಹೆಸರು ನೋಡಿದರೆ ಎರಡು ಇನ್ನೋವಾಗಳೇ ಅಣ್ಣತಮ್ಮ ಅನಿಸಬೇಕು, ಅಲ್ವಾ?

ಕ್ರಿಸ್ಟಾ ಕೆಳಗೆ ಮಲಗಿ ನೋಡಿ. ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇದೆ. ಎಂಜಿನ್ ಉದ್ದಕ್ಕೆ ಕೂತಿದೆ. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಹಿಂದಕ್ಕೆ ಹೋಗಿ ಹಿಂದಿನ ಚಕ್ರ ತಿರುಗಿಸುತ್ತದೆ. ಇದರ ಮೂಲ ಐಎಂವಿ ಎನ್ನುವ ಟೊಯೊಟಾ ಯೋಜನೆ. 2004ರಲ್ಲಿ ಥಾಯ್ಲೆಂಡಿನಲ್ಲಿ ಹೈಲಕ್ಸ್ ಪಿಕಪ್‌ನಿಂದ ಶುರುವಾಯಿತು. ಇನ್ನೋವಾ, ಫಾರ್ಚೂನರ್, ಹೈಲಕ್ಸ್ ಮೂರೂ ಅದೇ ಬೇರಿನವು. ಈಗ ಹೈಕ್ರಾಸ್ ಕೆಳಗೆ ನೋಡಿ. ಚಾಸಿ ಇಲ್ಲ, ಮಾನೊಕಾಕ್. ಎಂಜಿನ್ ಅಡ್ಡಕ್ಕೆ ಕೂತಿದೆ. ತಿರುಗುವುದು ಮುಂದಿನ ಚಕ್ರ. ಕ್ರಿಸ್ಟಾಗೆ ಡೀಸೆಲ್, ಹೈಕ್ರಾಸ್‌ಗೆ ಪೆಟ್ರೋಲ್ ಮತ್ತು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರ್. ಹೆಸರು ಬಿಟ್ಟರೆ ಒಳಗೆ ನೆಂಟಸ್ತನ ಇಲ್ಲ. ಇನ್ವಿಕ್ಟೊ ಮಾತ್ರ ಹೈಕ್ರಾಸ್‌ನ ಒಡಹುಟ್ಟು. 2023ರಲ್ಲಿ ಬಂತು. ಮುಂದಿನ ಮುಖ, ಹಿಂದಿನ ದೀಪ ಬದಲಿಸಿ ಮಾರುತಿ ಬಿಲ್ಲೆ ಹಾಕಿದರು. ಹೆಸರು ಒಂದೇ ಇದ್ದವು ದೂರದವು, ಹೆಸರು ಬೇರೆ ಇದ್ದವು ಒಂದೇ ಮನೆಯವು. ಬಾನೆಟ್ ಮೇಲಿನ ಬಿಲ್ಲೆ ನೋಡಿ ಸಾಮಾನು ಕೇಳಬೇಡಿ ಅಂತ ನಾನು ಗಿರಾಕಿಗಳಿಗೆ ಹೇಳುವಾಗ ಈ ಮೂರು ಕಾರುಗಳ ಕಥೆಯನ್ನೇ ಹೇಳುತ್ತೇನೆ.

ಮಾರುತಿಯ ಒಡೆಯ ಕಂಪನಿ ಸುಜುಕಿ ಮತ್ತು ಟೊಯೊಟಾ ಕಾರು ಕೊಡು-ಕೊಳ್ಳುವ ಒಪ್ಪಂದ 2018ರದು. 2019ರಲ್ಲಿ ಮಾರುತಿಯ ಬಲೆನೊ ಟೊಯೊಟಾದ ಗ್ಲಾನ್ಜಾ ಆಯಿತು. 2022ರಲ್ಲಿ ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾದ ಹೈರೈಡರ್ ಒಟ್ಟಿಗೇ ಬಂದವು, ಎರಡೂ ಬಿಡದಿಯಲ್ಲೇ ತಯಾರಾದವು. ತಳ ಸುಜುಕಿಯದು, ಬಲವಾದ ಹೈಬ್ರಿಡ್ ಟೊಯೊಟಾದ್ದು. 2024ರಲ್ಲಿ ಫ್ರಾಂಕ್ಸ್ ಟೈಸರ್ ಆಯಿತು.

ಇದು ಮೋಸ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಮೋಸ ಅಂತ ನಾನು ಹೇಳುವುದಿಲ್ಲ. ಒಂದೇ ಕಾರಾದರೂ ಕೊಳ್ಳುವವನಿಗೆ ಸಿಗುವುದು ಒಂದೇ ಅಲ್ಲ. ಗ್ಲಾನ್ಜಾ ಬಂದಾಗ ಅದಕ್ಕೆ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಇತ್ತು. ಆಗ ಬಲೆನೊಗೆ ಇದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಮಾರುತಿ ತನ್ನ ವಾರಂಟಿಯನ್ನು 3 ವರ್ಷಕ್ಕೆ ಏರಿಸಿದ್ದು 2024ರಲ್ಲಿ. ಅಷ್ಟು ವರ್ಷ, ಒಂದೇ ಕಾರಿಗೆ ಎರಡು ಭರವಸೆ. ಇದನ್ನು ಗೊತ್ತು ಮಾಡಿಕೊಂಡು ಕೊಂಡವರಿಗೆ ಲಾಭ ಆಯಿತು. ಶೋರೂಮಿನ ದೂರ, ಸರ್ವಿಸ್ ಗುಣ, ಮರುಮಾರಾಟದ ಬೆಲೆ, ಇವನ್ನೂ ತೂಗಿ ನೋಡಬೇಕು. ತಪ್ಪು ಅಂದರೆ ಮುಚ್ಚಿಡುವುದು. ಕೇಳಿದವರಿಗೆ ಅದು ಬೇರೆ ಗಾಡಿ ಸಾರ್, ಇದು ಬೇರೆ ಅಂತ ಹೇಳಿ ಕಳಿಸುವುದು ತಪ್ಪು.

ಕಂಪನಿಗಳು ಹೀಗೆ ಮಾಡಲು ದೊಡ್ಡ ಕಾರಣ ಏನು ಅಂತ ನಮ್ಮ ಆಲೆಮನೆಯಿಂದ ಹೇಳುತ್ತೇನೆ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕ ಒಂದೇ. ಅದನ್ನು ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ, ಬಕೆಟ್‌ಗೆ ಹೊಯ್ದರೆ ಬಕೆಟ್ ಬೆಲ್ಲ, ಕೈಯಲ್ಲಿ ಕಟ್ಟಿದರೆ ಉಂಡೆ. ನಮ್ಮಲ್ಲಿ ದುಬಾರಿ ಆಗಿರುವುದು ಕಬ್ಬು, ಕೂಲಿ, ಉರಿ. ಮರದ ಅಚ್ಚು ಅಗ್ಗ. ಕಾರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಅಚ್ಚೇ ದುಬಾರಿ.

ಒಂದು ಬಾಗಿಲ ಹೊರತಗಡು ತಗೊಳ್ಳಿ. ಉಕ್ಕಿನ ಹಾಳೆಯನ್ನು ದೊಡ್ಡ ಪ್ರೆಸ್‌ನಲ್ಲಿ ಇಡುತ್ತಾರೆ. ಮೊದಲ ಒತ್ತಿಗೆ ಆಕಾರ ಬರುತ್ತದೆ. ಎರಡನೆಯದಕ್ಕೆ ಹೆಚ್ಚಿನ ಅಂಚು ಕತ್ತರಿಸಿ ಬೀಳುತ್ತದೆ. ಆಮೇಲೆ ಹಿಡಿಕೆಗೆ, ಬೀಗಕ್ಕೆ ತೂತು. ಆಮೇಲೆ ಅಂಚು ಮಡಿಚುವುದು. ಪ್ರತಿ ಹಂತಕ್ಕೂ ಮೇಲಿನದು ಕೆಳಗಿನದು ಅಂತ ಜೋಡಿ ಡೈ, ಅಂದರೆ ಉಕ್ಕಿನ ಅಚ್ಚು. ಒಂದೊಂದೂ ಟನ್‌ಗಟ್ಟಲೆ ತೂಕ. ಎತ್ತಲು ಕ್ರೇನ್ ಬೇಕು. ಮೇಲ್ಮೈಯಲ್ಲಿ ಸಣ್ಣ ಏರುಪೇರಿದ್ದರೂ ಬಣ್ಣ ಹೊಡೆದ ಮೇಲೆ ಬಾಗಿಲ ಮೇಲೆ ಅಲೆ ಕಾಣುತ್ತದೆ. ಇಂಥ ಡೈಗಳು ಬಾಗಿಲಿಗೆ, ಚಾವಣಿಗೆ, ನೆಲಕ್ಕೆ, ಬಾನೆಟ್‌ಗೆ. ಹೊಸ ಕಾರೊಂದಕ್ಕೆ ನೂರಾರು ಕೋಟಿ ರೂಪಾಯಿ ಸುರಿಯಬೇಕಾಗುವುದರಲ್ಲಿ ಇದರ ಪಾಲು ದೊಡ್ಡದು.

ಅವಳಿ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಬದಲಾಗಿರುವುದು ಸಾಮಾನ್ಯವಾಗಿ ಬಂಪರ್, ಗ್ರಿಲ್, ದೀಪ, ಚಕ್ರ. ಬಂಪರ್ ಪ್ಲಾಸ್ಟಿಕ್, ಅದರ ಅಚ್ಚಿಗೆ ಉಕ್ಕಿನ ಡೈಗಳಷ್ಟು ಖರ್ಚಿಲ್ಲ. ಬಾಗಿಲು, ಚಾವಣಿ, ಮುಂದಿನ ಗಾಜು ಹಾಗೇ ಉಳಿದಿರುತ್ತವೆ. ಎಲ್ಲಿ ಬದಲಾಗಿಲ್ಲವೋ ಅಲ್ಲಿ ದುಡ್ಡು ಉಳಿದಿದೆ ಅಂತ ತಿಳಿಯಿರಿ. 2020ರ ಹ್ಯುಂಡೈ ಕ್ರೆಟಾ ಮತ್ತು ಮೊದಲ ಪೀಳಿಗೆಯ ಕಿಯಾ ಸೆಲ್ಟೋಸ್ ಇನ್ನೊಂದು ಬಗೆಯವು. ತಳ, ಎಂಜಿನ್ ಹಂಚಿಕೊಂಡಿವೆ, ಆದರೆ ಹೊರಮೈ ತಗಡು ಬೇರೆ ಬೇರೆ. ಅವರು ಅಚ್ಚಿಗೂ ದುಡ್ಡು ಹಾಕಿದ್ದಾರೆ. ಅದಕ್ಕೇ ಎಷ್ಟೋ ಮಾಲೀಕರಿಗೆ ಇವು ನೆಂಟರು ಅಂತ ಗೊತ್ತೇ ಇಲ್ಲ.

ಹಂಚಿಕೆ ಅತಿಯಾದರೆ ಜನ ಗುರುತು ಹಿಡಿಯುತ್ತಾರೆ. ಅಮೆರಿಕದಲ್ಲಿ 1980ರ ದಶಕದ ಶುರುವಿಗೆ ಕ್ಯಾಡಿಲಾಕ್ ಸಿಮರಾನ್ ಅಂತ ಒಂದು ಕಾರು ತಂದರು. ಒಳಗೆ ಸಾಮಾನ್ಯರ ಷೆವರ್ಲೆ ಕ್ಯಾವಲಿಯರ್, ಮೇಲೆ ಚರ್ಮದ ಸೀಟು, ದೊಡ್ಡ ಹೆಸರು, ದೊಡ್ಡ ಬೆಲೆ. ಗಿರಾಕಿಗಳು ಬೇಗ ಕಂಡುಹಿಡಿದರು. 1988ಕ್ಕೆ ನಿಂತುಹೋಯಿತು. ಕ್ಯಾಡಿಲಾಕ್ ಹೆಸರಿಗೆ ಆದ ಗಾಯ ಮಾತ್ರ ಬೇಗ ಮಾಯಲಿಲ್ಲ.

ಸುರಕ್ಷತೆ ವಿಷಯದಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಒಂದೇ ಪ್ಲಾಟ್‌ಫಾರ್ಮ್ ಅಂದರೆ ಡಿಕ್ಕಿ ಹೊಡೆದಾಗ ಒಂದೇ ರೀತಿ ಕಾಪಾಡುತ್ತದೆ ಅಂತಲ್ಲ. ರೆನೊ ಕ್ವಿಡ್ 2016ರಲ್ಲಿ, ಕಾರಿಗೆ ಡಿಕ್ಕಿ ಹೊಡೆಸಿ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಮೊದಲ ಪರೀಕ್ಷೆಯಲ್ಲಿ ಒಂದು ಸ್ಟಾರನ್ನೂ ಪಡೆಯಲಿಲ್ಲ. ಆ ತಳದ್ದೇ ಸುಧಾರಿಸಿದ ರೂಪವನ್ನು ಉದ್ದ ಮಾಡಿ ರೆನೊದವರೇ ಟ್ರೈಬರ್ ಎನ್ನುವ ಕಾರು ಕಟ್ಟಿದರು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕ್ವಿಡ್‌ನಲ್ಲಿ 2422 ಮಿಲಿಮೀಟರ್, ಟ್ರೈಬರ್‌ನಲ್ಲಿ 2636. 2021ರಲ್ಲಿ ಟ್ರೈಬರ್‌ಗೆ ದೊಡ್ಡವರ ಸುರಕ್ಷತೆಗೆ 4 ಸ್ಟಾರ್ ಬಂತು. ಬೇರು ಒಂದೇ. ಎಲ್ಲಿ ಗಟ್ಟಿ ಉಕ್ಕು ಹಾಕಿದರು, ಎಲ್ಲಿ ಬಲ ಕೊಟ್ಟರು ಎನ್ನುವುದರಿಂದ ಫಲ ಬೇರೆ ಆಯಿತು. ಕಾರು ಕೊಳ್ಳುವಾಗ ಪ್ಲಾಟ್‌ಫಾರ್ಮ್ ಹೆಸರು ಕೇಳಿ ಸಮಾಧಾನ ಪಡಬೇಡಿ. ಆ ಮಾದರಿಗೇ ಬಂದ ಅಂಕ ಕೇಳಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿ ಅದು.

ಇನ್ನೊಂದು ಅಪಾಯವೂ ಇದೆ. ಒಂದು ಪಾರ್ಟ್ ಹತ್ತು ಕಡೆ ಹೋದರೆ ಅದರ ದೋಷವೂ ಹತ್ತು ಕಡೆ ಹೋಗುತ್ತದೆ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್ ಇದಕ್ಕೆ ದೊಡ್ಡ ಸಾಕ್ಷಿ. ಚೀಲ ಉಬ್ಬಿಸುವ ಡಬ್ಬಿಯ ಒಳಗಿದ್ದ ಅಮೋನಿಯಂ ನೈಟ್ರೇಟ್ ಸೆಕೆ, ತೇವಕ್ಕೆ ವರ್ಷಗಳಲ್ಲಿ ಕೆಡುತ್ತಿತ್ತು. ಅಪಘಾತದಲ್ಲಿ ಚೀಲ ಬಿಚ್ಚುವಾಗ ಲೋಹದ ಚೂರುಗಳು ಸಿಡಿದು ಜನ ಸತ್ತರು. ಅದನ್ನು ಕೊಂಡಿದ್ದವರು ಒಬ್ಬಿಬ್ಬರಲ್ಲ. ಹೋಂಡಾ, ಟೊಯೊಟಾ, ಫೋರ್ಡ್, ಬಿಎಂಡಬ್ಲ್ಯು ಸೇರಿ ಹತ್ತಾರು ಹೆಸರಿನ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ನಿಮ್ಮ ಕಾರಿನ ನೆಂಟ ಕಾರಿಗೆ ರೀಕಾಲ್ ಬಂದರೆ ಸುಮ್ಮನಿರಬೇಡಿ. ನಿಮ್ಮ ಚಾಸಿ ನಂಬರ್ ಹಿಡಿದು ನಮ್ಮದೂ ಇದೆಯಾ ಅಂತ ಅವತ್ತೇ ಕೇಳಿ.

ಈಗ ಅಂಗಡಿ ಮಾತು. ಪಾರ್ಟ್ ಒಂದೇ ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ? ಗಾಡಿ ಹೆಸರಿನಿಂದ ಅಲ್ಲ, ಪಾರ್ಟ್ ನಂಬರ್‌ನಿಂದ. ಹಳೇ ಸಾಮಾನು ಬಿಚ್ಚಿದಾಗ ಎಸೆಯಬೇಡಿ. ಬ್ರಷ್ ಹಾಕಿ ಉಜ್ಜಿ. ಗ್ರೀಸ್ ಹೋದ ಮೇಲೆ ಕಾರು ಕಂಪನಿಯ ನಂಬರ್ ಕಾಣಬಹುದು, ಜೊತೆಗೆ ನಿಜವಾಗಿ ತಯಾರಿಸಿದವರ ಗುರುತೂ ಕಾಣಬಹುದು. ಬಾಷ್, ಡೆನ್ಸೊ, ವ್ಯಾಲಿಯೊ ಇಂಥವರು ಹಲವು ಕಾರು ಕಂಪನಿಗಳಿಗೆ ಸಾಮಾನು ಕೊಡುತ್ತಾರೆ. ಪಕ್ಕದ ಮೈಸೂರಿನ ಹೂಟಗಳ್ಳಿಯಲ್ಲಿ ಆಟೊಮೋಟಿವ್ ಆಕ್ಸಲ್ಸ್ ಇದೆ, 1981ರಲ್ಲಿ ಶುರುವಾದದ್ದು. ಅಲ್ಲಿ ಆಗುವ ಆಕ್ಸಲ್ ಬೇರೆ ಬೇರೆ ಕಂಪನಿಯ ಲಾರಿಗಳ ಕೆಳಗೆ ಹೋಗುತ್ತದೆ.

ನಂಬರ್ ಕೊನೆಯ ಅಕ್ಷರ ಬದಲಾದರೂ ಗಮನಿಸಿ. ಸ್ಪ್ರಿಂಗ್ ನೋಡಲು ಒಂದೇ ಇರುತ್ತದೆ. ಡೀಸೆಲ್ ಗಾಡಿ ಮೂತಿ ಭಾರ, ಅದಕ್ಕೆ ಗಟ್ಟಿ ಸ್ಪ್ರಿಂಗ್. ಸುರುಳಿ ಮೇಲೆ ಬಳಿದಿರುವ ಬಣ್ಣದ ಚುಕ್ಕೆಯಿಂದಲೇ ಅದನ್ನು ಗುರುತಿಸಬೇಕು. ನಿಮ್ಮ ಕೈಯಲ್ಲಿರುವ ಬ್ರೇಕ್ ಪ್ಯಾಡ್ ಅಂಚಿನಲ್ಲಿ ಸಂಖ್ಯೆಯ ಜೊತೆ ಎರಡು ಇಂಗ್ಲಿಷ್ ಅಕ್ಷರ ಇವೆ, ಕಾಣಿಸಿತಾ? ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ ಅಂತ ಮೊದಲನೆಯದು ಹೇಳುತ್ತದೆ. ಚೆನ್ನಾಗಿ ಕಾದ ಮೇಲೆ ಎಷ್ಟು ಹಿಡಿತ ಅಂತ ಎರಡನೆಯದು. ಆಕಾರ ಹೊಂದಿ ಈ ಅಕ್ಷರ ಹೊಂದದಿದ್ದರೆ ನಾನು ಆ ಪ್ಯಾಡ್ ಕೊಡುವುದಿಲ್ಲ. ಬ್ರೇಕ್ ವಿಷಯದಲ್ಲಿ ಸುಮಾರಾಗಿ ಕೂರುತ್ತದೆ ಅನ್ನುವ ಮಾತೇ ಬೇಡ.

ಒಂದೇ ಪಾರ್ಟ್‌ಗೆ ಎರಡು ಬೆಲೆ ಇದ್ದಾಗ ಅಗ್ಗದ ಡಬ್ಬಿ ಕೇಳುವ ಹಕ್ಕು ನಿಮಗಿದೆ. ಆದರೆ ಗಾಡಿ ವಾರಂಟಿಯಲ್ಲಿದ್ದರೆ ಆತುರ ಬೇಡ. ಬೇರೆ ಕಂಪನಿ ಡಬ್ಬಿಯ ಸಾಮಾನು ಹಾಕಿದ್ದೀರಿ ಅಂತ ತಕರಾರು ತೆಗೆಯಬಹುದು. ವಾರಂಟಿ ಮುಗಿದ ಮೇಲೆ ಧೈರ್ಯವಾಗಿ ಕೇಳಿ, ನಂಬರ್ ತಾಳೆ ಹಾಕಿ, ಬಿಲ್ ತಗೊಳ್ಳಿ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1996ರಲ್ಲಿ ಮುಚ್ಚಿತು. ಆದರೂ ಆ ಊರಿನಲ್ಲಿ ಹಳೇ ಜಾವಾ, ಯೆಜ್ಡಿ ಇವತ್ತಿಗೂ ಓಡುತ್ತವೆ. ಕಿಕ್ಕರ್ ಅನ್ನೇ ಮುಂದಕ್ಕೆ ಬಾಗಿಸಿದರೆ ಗೇರ್ ಲಿವರ್ ಆಗುವ ಬೈಕ್ ಅದು. ಜಾವಾದಿಂದ ಯೆಜ್ಡಿಗೆ ಹೆಸರು ಬದಲಾದರೂ, ಮಾದರಿಗಳು ಬದಲಾದರೂ, 250 ಸಿಸಿ ಎಂಜಿನ್‌ನ ಎಷ್ಟೋ ಸಾಮಾನು ಒಂದರಿಂದ ಇನ್ನೊಂದಕ್ಕೆ ಕೂರುತ್ತಿತ್ತು. ಕಾರ್ಖಾನೆ ಹೋದ ಮೇಲೂ ಸಣ್ಣ ವರ್ಕ್‌ಶಾಪಿನವರು ಅದೇ ಅಳತೆಯಲ್ಲಿ ಸಾಮಾನು ಮಾಡಿಕೊಟ್ಟರು. ಹತ್ತು ಮಾದರಿಗೆ ಹತ್ತು ಅಳತೆ ಇದ್ದಿದ್ದರೆ ಯಾರು ಮಾಡುತ್ತಿದ್ದರು?

ಎಲೆಕ್ಟ್ರಿಕ್ ಕಾರುಗಳ ಬಗ್ಗೆ ಎರಡೇ ಮಾತು. 2020ರ ನೆಕ್ಸಾನ್ ಇವಿ ಪೆಟ್ರೋಲ್ ನೆಕ್ಸಾನ್ ಮೈಯಲ್ಲೇ ಬ್ಯಾಟರಿ ಹೊತ್ತು ಬಂತು. ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇ ಬ್ಯಾಟರಿಗೆಂದೇ ಮಾಡಿದ ಚಪ್ಪಟೆ ತಳವನ್ನು ಹಂಚಿಕೊಂಡಿವೆ. ಮುಂದೆ ನಿಮ್ಮ ಕೈಗೆ ಬರುವ ಗಾಡಿಗಳು ಇವೇ. ಮೋಟಾರ್, ಚಾರ್ಜರ್, ಬ್ಯಾಟರಿ ಪೆಟ್ಟಿಗೆ ಯಾವ ಯಾವ ಹೆಸರಿನಲ್ಲಿ ತಿರುಗುತ್ತಿವೆ ಅಂತ ಈಗಿನಿಂದಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ನನ್ನ ಅಂಗಡಿಯಲ್ಲೂ ಅಂಥ ನೋಟ್‌ಬುಕ್ ಇದೆ. ಆ ಟ್ಯಾಕ್ಸಿಯ ಲೋವರ್ ಆರ್ಮ್ ನಂಬರ್ ಅದರ ಮೊದಲ ಪುಟದಲ್ಲಿದೆ. ಬೇಕಾದವರು ಬಂದು ಬರೆದುಕೊಳ್ಳಬಹುದು.

ಹೊರಗೆ ಬೇವಿನ ಮರದ ಹತ್ತಿರ ಒಂದು ಬಲೆನೊ, ಒಂದು ಗ್ಲಾನ್ಜಾ ನಿಲ್ಲಿಸಿದ್ದೇವೆ. ಮಾಲೀಕರು ಇಬ್ಬರೂ ಇಲ್ಲೇ ಕೂತಿದ್ದಾರೆ, ಬಾನೆಟ್ ತೆಗೆಯಲು ಒಪ್ಪಿದ್ದಾರೆ. ಟಾರ್ಚ್ ನನ್ನ ಹತ್ತಿರ ಇದೆ. ಪ್ಯಾಡ್‌ಗಳನ್ನು ಮೇಜಿನ ಮೇಲಿಟ್ಟು ಬನ್ನಿ, ಕತ್ತಲಾಗುವ ಮುಂಚೆ ನಂಬರ್ ಓದೋಣ.